ಟಿಕೆಟ್ ಇದ್ದವರೇ ಬೈಯಬೇಕು

ನನ್ನ ತಮ್ಮ ತೀರಿಕೊಂಡ ಮೇಲೆ ಮಾತಾಡಿಸಲು ಬಂದವರೆಲ್ಲ ಅವನ ಒಳ್ಳೆಯತನವನ್ನೇ ಹೇಳಿ ಹೋದರು. ಬಬಲೇಶ್ವರ ಫುಟ್‌ಬಾಲ್ ತಂಡದ ನಾಯಕ ಮಾತ್ರ ಚಹದ ಕಪ್ಪು ಕೆಳಗಿಟ್ಟು, ನೆಲ ನೋಡುತ್ತ ಕೆಲಸದ ಮಾತು ಎತ್ತಿದ.

“ಅಕ್ಕಾರ, ಈ ವರ್ಷ ಮ್ಯಾಚಿಗೆ ಟಿಕೆಟ್ ಬ್ಯಾಡ್ರಿ. ಬಿಟ್ಟಿ ಇಡೂಣು. ಮಾರಾಂವನ ಹ್ವಾದ ಮ್ಯಾಲ ಯಾರು ತಿರಗ್ಯಾಡ್ತಾರ?”

“ನಾ ಮಾರ್ತೀನಿ,” ಅಂದೆ.

ಅವನು ತಲೆ ಎತ್ತಿ ನೋಡಿದ. ಒಳಗಿದ್ದ ಅವ್ವನೂ ಬಾಗಿಲಿಗೆ ಬಂದು ನೋಡಿದಳು.

ವರ್ಷಕ್ಕೊಮ್ಮೆ ತಿಕೋಟಾ ಮತ್ತು ಬಬಲೇಶ್ವರದ ಹುಡುಗರು ವಿಜಯಪುರಕ್ಕೆ ಬಂದು ಫುಟ್‌ಬಾಲ್ ಆಡುತ್ತಾರೆ. ಎಲ್ಲಿ ನೋಡಿದರೂ ಕ್ರಿಕೆಟ್ ಆಡುವ ಊರಲ್ಲಿ ಇದನ್ನು ಶುರು ಮಾಡಿದವನು ನನ್ನ ತಮ್ಮ. ತಿಕೋಟಾದ ಗೋಲ್‌ಕೀಪರ್ ಅವನೇ, ಟಿಕೆಟ್ ಮಾರುವವನೂ ಅವನೇ. ಎರಡೂ ಊರುಗಳಿಂದ ಬಸ್ಸು ಹತ್ತಿ ನಗರದ ಕಾಲೇಜುಗಳಿಗೆ ಬರುವ ಮಕ್ಕಳೇ ಅವನ ಗಿರಾಕಿಗಳು. ಟಿಕೆಟ್ಟಿಗೆ ಒಂದು ಪ್ಲೇಟ್ ಭಜಿಯ ರೊಕ್ಕ, ಅಷ್ಟೇ.

ಆದರೆ ಅದಕ್ಕೊಂದು ಕಟ್ಟಳೆ ಮಾಡಿದ್ದ. ಟಿಕೆಟ್ ಕೊಂಡವರಿಗೆ ಮಾತ್ರ ಆಟಗಾರರನ್ನು ಬೈಯುವ ಹಕ್ಕು. ಮೈದಾನದ ಕಾಂಪೌಂಡ್ ಗೋಡೆ ಗಿಡ್ಡ. ಅದರ ಮೇಲೆ ಪುಕ್ಕಟೆ ಕೂತವರು ನೋಡಬಹುದು, ಬಾಯಿ ಬಿಡುವಂತಿಲ್ಲ. ಗೋಡೆಯಿಂದ ಕೂಗು ಬಂತೋ, ಇವನು ಗೋಲ್‌ಪೋಸ್ಟ್ ಬಿಟ್ಟು ಅಲ್ಲಿಗೇ ಓಡುವವ: “ಟಿಕೆಟ್ ತೋರ್ಸಿ ಬೈ ಲೇ!” ಅಷ್ಟರಲ್ಲಿ ಹಿಂದೆ ಗೋಲ್ ಆಗಿದ್ದೂ ಉಂಟು. ಹುಡುಗರು ನಗುತ್ತ ಇಳಿದು, ಟಿಕೆಟ್ ಕೊಂಡು ಬಂದು, ಹೊಟ್ಟೆ ತುಂಬ ಬೈಯುತ್ತಿದ್ದರು. “ಬೈಯಾವ್ರು ಇದ್ರ ಆಡಾವ್ರು ಓಡ್ತಾರಕ್ಕ. ಬಿಟ್ಟಿ ಬಂದಾವ್ರು ಮೊಬೈಲ್ ನೋಡ್ಕೋತ ಕುಂದರ್ತಾರ,” ಎನ್ನುತ್ತಿದ್ದ.

ನಾನು ಹತ್ತನೆಯ ಇಯತ್ತೆಯವರೆಗೆ ಕಲಿತವಳು. ವಿಜಯಪುರದ ಜಲನಗರದ ಮನೆಯಲ್ಲಿ ಸೀರೆಗೆ ಫಾಲ್ ಹಚ್ಚಿ ಕೊಡುತ್ತೇನೆ. ನನ್ನ ದನಿ ಹೊಲಿಗೆ ಮಷಿನ್ನಿಗಿಂತ ಮೇಲೆ ಏಳುವುದಿಲ್ಲವೆಂದು ತಮ್ಮ ಚೇಷ್ಟೆ ಮಾಡುತ್ತಿದ್ದ. ಪ್ರತಿ ವರ್ಷ ಮೊದಲ ಟಿಕೆಟ್ ನನಗೇ ಮಾರುವವ, ಅದೂ ರೊಕ್ಕ ಎಣಿಸಿಕೊಂಡು. ಮೈದಾನದಲ್ಲಿ ನಾನು ತುಟಿ ಬಿಚ್ಚುತ್ತಿರಲಿಲ್ಲ. “ನಿನ್ನ ಟಿಕೆಟ್ ಈ ಸಲಾನೂ ದಂಡ ಆತು ಬಿಡು,” ಎಂದು ಸಂಜೆ ಕಾಡುತ್ತಿದ್ದ.

ಮೊದಲ ದಿನ ಒಂದು ಕಾಲೇಜಿನ ಗೇಟಿನ ಮುಂದೆ ನಿಂತೆ. ಹೇಗೆ ಕೇಳಬೇಕೆಂದು ತಿಳಿಯದೆ, ಹೊರಬಂದ ಹುಡುಗಿಯರಿಗೆ ಇದ್ದದ್ದನ್ನೇ ಹೇಳಿದೆ: ನನ್ನ ತಮ್ಮ ನಡೆಸುತ್ತಿದ್ದ ಪಂದ್ಯ, ಈಗ ಅವನಿಲ್ಲ. ಅವರ ಮುಖ ಬಾಡಿತು. ಬೇಗಬೇಗ ಪರ್ಸು ತೆಗೆದು ರೊಕ್ಕ ಕೊಟ್ಟರು. ಟಿಕೆಟ್ ಮುಂದೆ ಮಾಡಿದರೆ ಕೈ ಹಿಂದೆ ಎಳೆದುಕೊಂಡರು.

“ಟಿಕೆಟ್ ಇರ್ಲಿ ಬಿಡ್ರಿ ಅಕ್ಕಾರ. ನಮ್ದು ಏನರ ಸಣ್ಣ ಸಹಾಯ.”

ಸಂಜೆ ಮನೆಗೆ ಬಂದಾಗ ಚೀಲದಲ್ಲಿ ರೊಕ್ಕವೂ ಇತ್ತು, ಟಿಕೆಟ್ಟೂ ಇದ್ದವು. ಹೀಗೆ ಮಾರಿದರೆ ಪಂದ್ಯದ ದಿನ ಮೈದಾನದಲ್ಲಿ ಅವ್ವ ಮತ್ತು ನಾನು ಇಬ್ಬರೇ ಕೂರಬೇಕಾದೀತು. ನನಗೆ ಬೇಕಾಗಿದ್ದು ಜನ, ಅವನು ಕೂಡಿಸುತ್ತಿದ್ದಂಥ ಗದ್ದಲದ ಜನ. ಮರುದಿನ ಅದೇ ಗೇಟಿಗೆ ಹೋಗಿ, ಆ ಹುಡುಗಿಯರನ್ನು ಹುಡುಕಿ ರೊಕ್ಕ ತಿರುಗಿ ಕೊಟ್ಟೆ.

“ಸಹಾಯ ಬ್ಯಾಡವಾ. ಬರೂದಿದ್ರ ತಗೋರಿ. ಬಂದು ಬೈಬೇಕು ಮತ್ತ.”

“ಯಾರಿಗ್ರಿ?”

“ನಿಮ್ದು ಯಾವೂರು?”

“ಬಬಲೇಶ್ವರ.”

“ಹಂಗಾರ ತಿಕೋಟಾದವ್ರಿಗೆ.”

ಒಬ್ಬಳು ಕಿಸಕ್ಕನೆ ನಕ್ಕಳು. ಆ ನಗೆಯಿಂದ ನನಗೆ ದಾರಿ ಸಿಕ್ಕಿತು. ಮರುದಿನದಿಂದ ನಸುಕಿನಲ್ಲೇ ತಿಕೋಟಾಕ್ಕೆ ಹೋಗಿ, ಅಲ್ಲಿಂದ ನಗರಕ್ಕೆ ಬರುವ ಬೆಳಗಿನ ಬಸ್ಸು ಹತ್ತತೊಡಗಿದೆ. ನಾವು ಹುಟ್ಟಿ ಬೆಳೆದ ಊರು ಅದು. ಬಸ್ಸಿನ ತುಂಬ ಕಾಲೇಜಿನ ಚೀಲಗಳು. ತಮ್ಮನ ಸುದ್ದಿ ಎತ್ತಲಿಲ್ಲ. ಕಂಬಿ ಹಿಡಿದು ನಿಂತು, “ಬಬಲೇಶ್ವರದವ್ರು ಏನ್ ಅಂದ್ರು ಗೊತ್ತೇನು? ತಿಕೋಟಾದವ್ರಿಗೆ ಮನೂಕ ಆರಿಸೂದಷ್ಟ ಗೊತ್ತು, ಚೆಂಡು ಕಣ್ಣಿಗೆ ಕಾಣಂಗಿಲ್ಲ ಅಂದ್ರು,” ಎಂದೆ. ನಮ್ಮ ಕಡೆ ಒಣದ್ರಾಕ್ಷಿಗೆ ಮನೂಕ ಎನ್ನುತ್ತೇವೆ. ಅವ್ವನೂ ನಾನೂ ಶೆಡ್ಡಿನಲ್ಲಿ ತಲೆ ಬಗ್ಗಿಸಿ ಕೂತು ಅದನ್ನು ಆರಿಸಿಯೇ ತಮ್ಮನನ್ನು ಓದಿಸಿದ್ದೆವು.

“ಯಾಂವ ಅಂದಾಂವ? ಹೆಸರು ಹೇಳ್ರಿ!” ಎಂದು ಹಿಂದಿನ ಸೀಟಿನಿಂದ ಒಬ್ಬ ಎದ್ದ.

“ಟಿಕೆಟ್ ತಗೋ. ಮೈದಾನದಾಗ ಕೇಳು.”

ಕಂಡಕ್ಟರ್ ಸಿಟ್ಟಾದ. “ಬಸ್ಸಿನ್ಯಾಗ ಟಿಕೆಟ್ ಹರಿಯಾಂವ ನಾ ರೀ ಯಕ್ಕಾ!” ಬಸ್ಸೆಲ್ಲ ನಕ್ಕಿತು. ಕಡೆಗೆ ಅವನೂ ಒಂದು ಕೊಂಡ. ಬಬಲೇಶ್ವರದ ಬಸ್ಸಿನಲ್ಲಿ ಅದೇ ಮಾತನ್ನು ತಿರುವಿ ಹೇಳಿದೆ. ಪಂದ್ಯದ ಹೊತ್ತಿಗೆ ಚೀಲದಲ್ಲಿ ನನ್ನದೊಂದೇ ಟಿಕೆಟ್ ಉಳಿದಿತ್ತು.

ಆ ದಿನ ಮೈದಾನ ತುಂಬಿತು. ಆದರೆ ನನಗೆ ತಿಳಿಸದೆ ಎರಡೂ ತಂಡದವರು ಒಂದು ಕೆಲಸ ಮಾಡಿದ್ದರು. ಗೋಲಿನ ಪಕ್ಕ ಕುರ್ಚಿಯ ಮೇಲೆ ತಮ್ಮನ ಫೋಟೋ ಇಟ್ಟು, ಮಾಲೆ ಹಾಕಿ, ಊದುಬತ್ತಿ ಹಚ್ಚಿದ್ದರು. ಬಬಲೇಶ್ವರದ ನಾಯಕ ಮೈಕಿನಲ್ಲಿ ಎಲ್ಲರನ್ನೂ ಎದ್ದು ನಿಲ್ಲಿಸಿ ಮೌನ ಆಚರಿಸಿದ. ಪ್ರೀತಿಯಿಂದಲೇ ಮಾಡಿದ್ದು, ಅದನ್ನು ತಪ್ಪು ಎನ್ನಲಾರೆ. ಆದರೆ ಕೂತ ಮೇಲೂ ಮೌನ ಮುಗಿಯಲಿಲ್ಲ. ಬಸ್ಸಿನಲ್ಲಿ ತೋಳೇರಿಸಿದ್ದ ಹುಡುಗ ಕೈ ಕಟ್ಟಿ ಕೂತಿದ್ದ. ಹುಡುಗಿಯರು ಪಿಸುಪಿಸು ಮಾತಾಡುತ್ತಿದ್ದರು. ಗೋಡೆಯ ಮೇಲಿನವರೂ ಸುಮ್ಮನಿದ್ದರು. ಆಟಗಾರರು ಸತ್ತವರ ಮನೆಯಲ್ಲಿ ಓಡಾಡುವಂತೆ ಮೆಲ್ಲಗೆ ಓಡಾಡಿದರು. ತಮ್ಮನ ಜಾಗದಲ್ಲಿ ನಿಂತ ಹೊಸ ಗೋಲ್‌ಕೀಪರ್ ಫೋಟೋದ ಕಡೆ ನೋಡುತ್ತ, ತಲೆ ತಗ್ಗಿಸುತ್ತ ಇದ್ದ. ಒಂದು ಚೆಂಡು ಅವನ ಕಾಲ ಪಕ್ಕದಲ್ಲೇ ಉರುಳಿ ಒಳಗೆ ಹೋಯಿತು. ಯಾರೂ ಏನೂ ಅನ್ನಲಿಲ್ಲ. ಒಬ್ಬಿಬ್ಬರು ಎದ್ದು ಗೇಟಿನ ಕಡೆ ನಡೆದರು.

ಇಷ್ಟು ಜನರನ್ನು ಕೂಡಿಸಿ ನಾನು ಮತ್ತೊಮ್ಮೆ ಅವನ ಮಣ್ಣು ಮಾಡುತ್ತಿದ್ದೇನೆ ಅನ್ನಿಸಿತು. ಎದ್ದು ನಿಂತೆ.

“ಏ ಗೋಲ್‌ಕೀಪರ್! ತಲಿ ಬಗ್ಗಿಸಿ ಮನೂಕ ಆರ್ಸಾಕತ್ತೀ ಏನಲೇ? ಚೆಂಡ ನೋಡಲೇ, ಚೆಂಡ!”

ನನ್ನದೇ ದನಿ ಎಂದು ನನಗೇ ನಂಬಿಕೆ ಬರಲಿಲ್ಲ. ಮೈದಾನವೆಲ್ಲ ನನ್ನ ಕಡೆ ತಿರುಗಿತು. ಅವ್ವ ಸೆರಗು ಹಿಡಿದು ಜಗ್ಗಿದಳು. ಗೋಲ್‌ಕೀಪರ್ ಬಾಯಿ ತೆರೆದು ನೋಡುತ್ತಿದ್ದ. ಆಮೇಲೆ ಅವನ ಮುಖದಲ್ಲಿ ಏನೋ ಬದಲಾಯಿತು. ಎರಡೂ ಕೈ ಬಾಯಿಗೆ ಹಚ್ಚಿ ಕೂಗಿದ:

“ಟಿಕೆಟ್ ತೋರ್ಸಿ ಬೈರಿ ಅಕ್ಕಾರ!”

ಟಿಕೆಟ್ ಎತ್ತಿ ಹಿಡಿದೆ.

ಆ ಬಸ್ಸಿನ ಹುಡುಗ ಎದ್ದು ತನ್ನದನ್ನೂ ಎತ್ತಿದ. “ನಂದೂ ಐತಿ! ಓಡ್ರಲೇ ಹೆಣಗೋಳ್ರ್ಯಾ!” ಬಬಲೇಶ್ವರದ ಹುಡುಗಿಯರು ಅವನಿಗೆ ತಿರುಗಿ ಉತ್ತರ ಕೊಟ್ಟರು. ಅಲ್ಲಿಂದ ಮುಂದೆ ಯಾರು ಯಾರನ್ನು ಬೈದರೋ ತಿಳಿಯಲಿಲ್ಲ. ಗೇಟಿನವರೆಗೆ ಹೋದವರು ತಿರುಗಿ ಬಂದರು. ಆಟಗಾರರು ಬಿದ್ದು ಎದ್ದು ಓಡಿದರು. ತಿಕೋಟಾ ಸೋತಿತು. ಊದುಬತ್ತಿ ಯಾವಾಗ ಆರಿತೋ ನಾನು ನೋಡಲಿಲ್ಲ.

ಮರುದಿನ ಗಂಟಲು ಪೂರ್ತಿ ಕೂತಿತ್ತು. ಸೀರೆ ಒಯ್ಯಲು ಬಂದ ನೆರೆಮನೆಯಾಕೆ ನನ್ನ ದನಿ ಕೇಳಿ, ಕೈ ಹಿಡಿದುಕೊಂಡು, “ಎಷ್ಟ ಅಂತ ಅಳ್ತೀಬೇ?” ಎಂದಳು.

“ಅತ್ತಿಲ್ರಿ,” ಅಂದೆ. “ನಿನ್ನಿ ಬೈದೀನಿ.”