ಈರಣ್ಣನ ಮೊದಲ ಲೋಟ

ನಾನು ಬೇಡವೆನ್ನುವಷ್ಟರಲ್ಲಿ ಊರಿಗೆ ನೀರು ಬಿಡುವ ನೀರುಗಂಟಿ ಈರಣ್ಣ ಟ್ಯಾಂಕಿನ ಬುಡದ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಕುಡಿದೇಬಿಟ್ಟಿದ್ದರು. ಬಾಳ್ಳುಪೇಟೆ ಬಳಿಯ ಗುಡ್ಡದ ಮೇಲಿರುವ ಆ ಹಳೆಯ ಟ್ಯಾಂಕಿನ ಒಳಗೋಡೆಗೆ ಹೊಸ ಲೇಪ ಬಳಿಸಿ, ತೊಳೆಸಿ, ನೀರು ತುಂಬಿಸಿದ್ದೆವು. ದುರಸ್ತಿಯ ಹೊಣೆ ಹೊತ್ತ ಎಂಜಿನಿಯರ್ ನಾನೇ. ಬಾಟಲಿಯಲ್ಲಿ ತುಂಬಿ ಹಾಸನದ ಲ್ಯಾಬಿಗೆ ಕಳಿಸಿದ್ದ ನೀರಿನ ಪರೀಕ್ಷೆಯ ವರದಿ ಇನ್ನೂ ಬಂದಿರಲಿಲ್ಲ.

“ವರದಿ ಬರೋವರೆಗೂ ಯಾರೂ ಕುಡೀಬಾರದು ಅಂದಿದ್ದೆನಲ್ಲ!”

“ನಿಮ್ಮ ಬಾಟ್ಲಿ ಹಾಸನಕ್ಕೆ ಹೋಗೈತೆ ಮೇಡಂ, ನನ್ನ ಹೊಟ್ಟೆ ಇಲ್ಲೇ ಐತಲ್ಲ,” ಎಂದು ನಕ್ಕರು. “ಟ್ಯಾಂಕ್ ತೊಳೆದಾಗೆಲ್ಲ ಮೊದಲ ಲೋಟ ನಂದೇ ಕಣ್ರೀ. ಏನಾದ್ರೂ ಆಗೋದಿದ್ರೆ ನಂಗೊಬ್ಬಂಗೆ ಆಗ್ಲಿ, ಊರಿಗ್ಯಾಕೆ?”

ಎರಡು ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ವಾಲ್ವ್ ಸೋರುತ್ತಿದೆಯೇ, ನೀರಿನ ಮಟ್ಟ ಎಷ್ಟಿದೆ ಎಂದೆಲ್ಲ ನೆಪ ತೆಗೆದು ಅವರಿಗೆ ಫೋನ್ ಮಾಡುತ್ತಿದ್ದೆ. ಹೊಟ್ಟೆ ಹೇಗಿದೆ ಎಂದು ಮಾತ್ರ ಕೇಳಲು ಬಾಯಿ ಬರಲಿಲ್ಲ.

ಮೂರನೆಯ ದಿನ ವರದಿ ಬಂತು: ನೀರು ಚೆನ್ನಾಗಿದೆ. ಟ್ಯಾಂಕಿನ ಬಳಿ ಹೋಗಿ, ಊರಿಗೆ ನೀರು ಬಿಡಬಹುದೆಂದು ಅಲ್ಲೇ ಸಹಿ ಹಾಕಿ, ಪೆನ್ನು ಇಡಲು ಚೀಲ ತೆರೆದೆ. ದಿನವೂ ನಾನು ಮನೆಯಿಂದ ತರುವ ನೀರಿನ ಬಾಟಲಿ ಕಣ್ಣಿಗೆ ಬಿತ್ತು. ಅದನ್ನು ಅಲ್ಲೇ ಚೆಲ್ಲಿ, ಈರಣ್ಣ ಕುಡಿದ ನಲ್ಲಿಗೇ ಹಿಡಿದೆ.