ಕೈ ಎತ್ತಿ ತೀರ್ಮಾನಿಸಿದ ಕುರಿ

ತೊಂಬತ್ತರ ದಶಕದಲ್ಲಿ ನಾನು ಮೊಳಕಾಲ್ಮುರು ತಾಲ್ಲೂಕಿನ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಏಳನೇ ತರಗತಿಯ ಪ್ರಶ್ನೆಪತ್ರಿಕೆಯ ತಪ್ಪು ತಿದ್ದಲು ವರ್ಷಕ್ಕೊಮ್ಮೆ ನಮ್ಮನ್ನು ಚಳ್ಳಕೆರೆಗೆ ಕರೆಯುತ್ತಿದ್ದರು. ಅಲ್ಲೊಂದು ಘನ ಸಂಪ್ರದಾಯವಿತ್ತು. ಪತ್ರಿಕೆ ಮೊದಲು ಅಚ್ಚಾಗುತ್ತಿತ್ತು, ತಿದ್ದುವ ಸಭೆ ಆಮೇಲೆ ನಡೆಯುತ್ತಿತ್ತು. ಹೆಣ ಸುಟ್ಟು ಬಂದು ನಾಡಿ ಹಿಡಿದಂತೆ.

ಒಂದು ವರ್ಷ ನಮ್ಮ ಕೈಗೆ ಕೊಟ್ಟ ಪ್ರತಿಯಲ್ಲಿ ಹೀಗಿತ್ತು: ‘ಗೌಡನು ಕುರಿಗಾಹಿಗೆ ಅವನ ಕುರಿಯನ್ನು ಕೊಟ್ಟನು. ಕುರಿ ಯಾರದು?’ ಇದಕ್ಕೆ ಎರಡು ಅರ್ಥ ಬರುತ್ತದೆ, ‘ತನ್ನ ಕುರಿ’ ಎಂದು ತಿದ್ದಿ ಎಂದೆ. ಸಭೆಯ ಹಿರಿಯರೊಬ್ಬರು ಮಂಡಕ್ಕಿಯ ಜೊತೆ ಮಿರ್ಚಿ ಬಜ್ಜಿ ಕಚ್ಚುತ್ತಾ, “ಬಂಡಲ್ ಕಟ್ಟಿ ಸೀಲ್ ಹಾಕಾಗೈತ್ರಿ. ವಾಕ್ಯ ಬಿಡ್ರಿ, ಉತ್ತರ ಗಟ್ಟಿ ಮಾಡಾನ. ಗೌಡಂದು ಅನ್ನೋರು ಕೈ ಎತ್ರಿ” ಎಂದರು. ಅವರೂ ಗೌಡರ ಮನೆಯವರೇ. ಮಂಡಕ್ಕಿ ಮೆತ್ತಿದ ಕೈಗಳೆಲ್ಲ ಮೇಲೆದ್ದವು. ವ್ಯಾಕರಣ ಬಹುಮತದಿಂದ ಇತ್ಯರ್ಥವಾಯಿತು.

ಮೌಲ್ಯಮಾಪನದ ದಿನ ನಮ್ಮ ತಾಲ್ಲೂಕಿನದೇ ಸಿದ್ದಾಪುರದ ಕಡೆಯ ಉತ್ತರಪತ್ರಿಕೆಗಳು ಬಂದವು. ಒಬ್ಬರೂ ಬಿಡದಂತೆ ಮಕ್ಕಳೆಲ್ಲ ‘ಕುರಿಗಾಹಿಯದು’ ಎಂದು ಬರೆದಿದ್ದರು. ಅದೇ ಹಿರಿಯರು ಸಾಲಾಗಿ ಸೊನ್ನೆ ಸುತ್ತುತ್ತಾ ಹೋದರು. ಕೊನೆಗೆ ಕೆಂಪು ಪೆನ್ನು ಕುಕ್ಕಿ, “ಎಲ್ಲಾ ಒಬ್ಬರದ್ದೊಬ್ಬರು ನೋಡಿ ಬರ್ದವೆ ಕಣ್ರಿ, ನಕಲು!” ಎಂದು ರೇಗಿದರು.

ನಕಲಲ್ಲ ಸ್ವಾಮಿ. ಆ ಬಂಡೆಗುಡ್ಡಗಳ ನಡುವೆ ಕುರಿ ಮೇಯಿಸಿ ಬೆಳೆದ ಮಕ್ಕಳು ಅವು. ಗೌಡನೊಬ್ಬ ತನ್ನ ಕುರಿಯನ್ನು ಇನ್ನೊಬ್ಬರಿಗೆ ಕೊಟ್ಟದ್ದನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ.