ಕಾಡುಕೋಣದ ಬೆನ್ನು ಹತ್ತಿದ ಇಸ್ತ್ರಿಪೆಟ್ಟಿಗೆ

ಕಿತೇಕ ಸಫಾರಿ ಬಿಡಾರದ ದೋಬಿ. ಬೇಟೆಗೆ ಬಂದ ಬಿಳಿಯರ ಖಾಕಿ ಬಟ್ಟೆ ಒಗೆದು, ಇದ್ದಿಲ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡಿ, ಮರುದಿನ ಬೆಳಗಾಗುವ ಮುನ್ನ ಡೇರೆಯ ಬಾಗಿಲಿಗೆ ತಲುಪಿಸುವುದು ಅವನ ಕೆಲಸ. ಅಗಸನ ಬಡಿವಾರವೆಲ್ಲ ಹೆರರ ಬಟ್ಟೆಯ ಮೇಲೆ ಎನ್ನುವ ಗಾದೆ ಅವನಿಗೆಂದೇ ಹೇಳಿ ಮಾಡಿಸಿದಂತಿತ್ತು. ನಮ್ಮ ಮಚಾಕೊಸ್ ಬೆಟ್ಟದ ಗಂಡಸರು ಸಫಾರಿಗೆ ಹೋಗುವುದು ಹೊಸತೇನಲ್ಲ. ಕೆಲವರು ಜಾಡು ಹಿಡಿಯುತ್ತಾರೆ, ಕೆಲವರು ಕೋವಿ ಹೊರುತ್ತಾರೆ, ಕೆಲವರು ಚರ್ಮ ಸುಲಿಯುತ್ತಾರೆ. ಊರಿಗೆ ಬಂದು ಅವರು ಹೇಳುವ ಕಥೆಗಳಲ್ಲಿ ಸಿಂಹ ಇರುತ್ತದೆ, ಆನೆ ಇರುತ್ತದೆ. ಕಿತೇಕನ ಕಥೆಗಳಲ್ಲಿ ಬರೀ ಅಂಗಿ, ಚಡ್ಡಿ. ಆದರೆ ಅವನು ಹೇಳುವ ಠೀವಿಗೆ ಸಿಂಹ ಹೊಡೆದವನೂ ಬಾಯಿ ಮುಚ್ಚಿ ಕೂರಬೇಕಿತ್ತು.

ಅವನ ಜಂಬಕ್ಕೆ ಕಾರಣವೂ ಇತ್ತೆನ್ನಿ. ತಾನಾ ಎಂಬ ಹೊಳೆಯ ದಂಡೆಯಲ್ಲಿ ಒಂದು ಜಾತಿಯ ನೊಣವಿದೆ, ಅದು ಒಣಹಾಕಿದ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ. ಇಸ್ತ್ರಿ ಮಾಡದೆ ತೊಟ್ಟರೆ ಕೆಲವೇ ದಿನಗಳಲ್ಲಿ ಮೈಮೇಲೆ ಕುರು ಏಳುತ್ತದೆ, ಕುರುವಿನೊಳಗೆ ಹುಳ ಮಿಸುಕಾಡುತ್ತದೆ. ಹಾಗಾಗಿ ಕಿತೇಕ ಕಾಲುಚೀಲವನ್ನೂ ಬಿಡುತ್ತಿರಲಿಲ್ಲ, ಹೊಲಿಗೆಯ ಸಂದಿಗೂ ಕಾದ ಪೆಟ್ಟಿಗೆಯ ಮೂತಿ ಮುಟ್ಟಿಸುತ್ತಿದ್ದ. ಅವನ ಕೈಯ ಬಟ್ಟೆ ತೊಟ್ಟ ಯಾರ ಮೈಯಲ್ಲೂ ಹುಳ ಬಿದ್ದದ್ದಿಲ್ಲ. ಇನ್ನು ನೈರೋಬಿಯ ದರ್ಜಿಗಳು ಒಂದೇ ದಿನದಲ್ಲಿ ಹೊಲಿದುಕೊಡುವ ಹೊಸ ಖಾಕಿಯನ್ನು ಹದಕ್ಕೆ ತರುವುದೂ ಅವನದೇ ಕೆಲಸ. ಗಂಜಿ ಬಿಗಿದ ಆ ಬಟ್ಟೆ ತಗಡಿನ ಹಾಗಿರುತ್ತದೆ, ನಡೆದರೆ ಸದ್ದು ಮಾಡುತ್ತದೆ. ಕಿತೇಕ ಅದನ್ನು ಹೊಳೆಯ ಕಲ್ಲಿಗೆ ಬಡಿದೂ ಬಡಿದೂ ಅಜ್ಜಿಯ ಹಳೆಯ ಹೊದಿಕೆಯಷ್ಟು ಮೆತ್ತಗೆ ಮಾಡುತ್ತಿದ್ದ. ಬಲ್ಲ ಬೇಟೆಗಾರರು ಹೊಸ ಕೋಟನ್ನು ಮೊದಲು ದೋಬಿಗೆ ಕೊಟ್ಟು, ಆಮೇಲೆ ತಾವು ತೊಡುತ್ತಿದ್ದರು.

ಅದೇ ಬಿಡಾರದಲ್ಲಿ ಕೋವಿ ಹೊರುತ್ತಿದ್ದವನು ಮುನ್ಯಾವೊ, ಕಿತೇಕನ ತಂಗಿ ಕಲೊಂಡುವಿನ ಗಂಡ. ಬೇಟೆ ನಡೆಸುವ ಬಿಳಿಯನ ಬೆನ್ನಿಗೆ ಅಂಟಿಕೊಂಡೇ ಅವನು ಪೊದೆ ಹೊಗಬೇಕು, ಬೇಕಾದಾಗ ಬೇಕಾದ ಕೋವಿ ಕೈಗೆ ಕೊಡಬೇಕು. ಪ್ರಾಣಿ ಸಾಯುವ ತನಕ ಅವನು ನಶ್ಯ ಮುಟ್ಟುತ್ತಿರಲಿಲ್ಲ. ಸತ್ತ ಮೇಲೆ ಅದರ ಪಕ್ಕದಲ್ಲೇ ಕೂತು ಒಂದು ದೊಡ್ಡ ಚಿಟಿಕೆ ಏರಿಸಿ, ಕಾಡೆಲ್ಲ ಕೇಳುವಂತೆ ಸೀನುತ್ತಿದ್ದ. ಭಾವ ಭಾವಂದಿರು ಒಂದೆಡೆ ಇದ್ದ ಮೇಲೆ ಕಾಲೆಳೆಯದೆ ಇರುತ್ತಾರೆಯೇ? ಹೆಂಗಸರ ಕೆಲಸ ಮಾಡಿ ಸಂಬಳ ತಗೊಳ್ಳೋ ಒಬ್ಬನೇ ಗಂಡಸು ಎಂದು ಮುನ್ಯಾವೊ ಚುಚ್ಚಿದರೆ, ಕತ್ತೆಯೂ ಹೊರುತ್ತದೆ, ಅದಕ್ಕೆ ಯಾರೂ ಇಷ್ಟು ಮರ್ಯಾದೆ ಕೊಡುವುದಿಲ್ಲ ಎಂದು ಕಿತೇಕ ತಿರುಗಿ ಕೊಡುತ್ತಿದ್ದ.

ಆದರೆ ಮನೆಗೆ ಹೋದರೆ ಗೆಲ್ಲುತ್ತಿದ್ದವನು ಕಿತೇಕನೇ. ಕಲೊಂಡುವಿಗೆ ಅಣ್ಣನೆಂದರೆ ಅಪರಂಜಿ. ಗಂಡ ಬಾಗಿಲು ಹಾಕಲು ಮರೆತರೆ, ಮೇಕೆಯ ಹಗ್ಗ ಸಡಿಲ ಬಿಟ್ಟರೆ, ಅವಳ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: ನಮ್ಮಣ್ಣನನ್ನು ನೋಡಿ ಕಲಿ, ಅವನ ಕೈಯಲ್ಲಿ ಒಂದು ದಿನ ಒಂದು ಕೆಲಸ ತಪ್ಪಿದೆಯಾ? ಮುನ್ಯಾವೊ ಆಗ ನಶ್ಯದ ಡಬ್ಬಿ ಹುಡುಕುತ್ತಿದ್ದ.

ಕಿತೇಕನ ಕೆಲಸದಲ್ಲಿ ಬಟ್ಟೆಗಿಂತ ನಾಜೂಕಾದದ್ದು ಇನ್ನೊಂದಿತ್ತು. ಬೇಟೆ ನಡೆಸುವ ಬಿಳಿಯನನ್ನು ಬಿಡಾರದವರು ಉದ್ದನೆ ಬ್ವಾನ, ಅಂದರೆ ಉದ್ದನೆ ದೊರೆ, ಎನ್ನುತ್ತಿದ್ದರು. ಅವನ ಹಳೆಯ ಕೋಟಿನ ಎದೆಯ ಮೇಲೆ ಎರಡೂ ಕಡೆ ತೋಟಾ ಸಿಕ್ಕಿಸುವ ಗೂಡುಗಳ ಸಾಲು. ಎಡಕ್ಕೆ ಗಟ್ಟಿ ತೋಟಾ, ಬಲಕ್ಕೆ ಮೆದು ತೋಟಾ. ಗಟ್ಟಿಯದು ಕಾಡುಕೋಣದ ಬುರುಡೆಯನ್ನೂ ತೂರುತ್ತದೆ. ಮೆದುವಿನದು ಮಾಂಸಕ್ಕೆ ಹೊಕ್ಕು ಅರಳುತ್ತದೆ. ಸಿಂಹಕ್ಕೆ ಅದು ಸರಿ, ಕೋಣದ ಕೊಂಬಿನ ಬುಡಕ್ಕೆ ತಾಗಿದರೆ ಅಲ್ಲೇ ಚಪ್ಪಟೆ. ತಲೆ ಕೆಳಗಾಗಿ ಗೂಡಿಗೆ ಇಳಿಸಿದ ಮೇಲೆ ಎರಡರ ಹಿತ್ತಾಳೆಯ ಬುಡವೂ ಒಂದೇ ತರ ಕಾಣುತ್ತದೆ. ಜೋಡುನಳಿಗೆಯ ಕೋವಿಗೆ ಮೊದಲು ತುಂಬುವ ಎರಡನ್ನು ಕಣ್ಣಿಂದ ನೋಡಿ ತುಂಬಬಹುದು. ಕೋಣ ಮೈಮೇಲೆ ಬರುವಾಗ ಮತ್ತೆ ತುಂಬಬೇಕಾಗಿ ಬಂದರೆ ನೋಡಲು ಪುರುಸೊತ್ತಿಲ್ಲ, ಕೈ ಎಡ ಎದೆಗೆ ಹೋಗಿ ಸಿಕ್ಕಿದ್ದನ್ನು ಎಳೆಯುತ್ತದೆ ಅಷ್ಟೆ.

ಒಗೆಯುವ ಮೊದಲು ಕಿತೇಕ ತೋಟಾಗಳನ್ನು ಬಿಚ್ಚಿ ಎರಡು ಗಂಟು ಕಟ್ಟಿಡುತ್ತಿದ್ದ. ಹುಣಸೆ ಮರದ ಕೆಳಗಿನ ಇಸ್ತ್ರಿ ಮೇಜಿನ ಮೇಲೆ, ತನ್ನ ಎಡಗೈ ಕಡೆ ಗಟ್ಟಿಯವು, ಬಲಗೈ ಕಡೆ ಮೆದುವಿನವು. ಇಸ್ತ್ರಿಯಾದ ಮೇಲೆ ಮತ್ತೆ ಗೂಡುಗಳಿಗೆ ಇಳಿಸುವಾಗ ಅವನು ಕೈಯ ಕಡೆ ನೋಡುತ್ತಲೂ ಇರಲಿಲ್ಲ, ಅಡುಗೆಯವನ ಜೊತೆ ಹರಟುತ್ತಲೇ ಮುಗಿಸುತ್ತಿದ್ದ. ಕಣ್ಣು ಕಟ್ಟಿದರೂ ತಪ್ಪಲಾರೆ ಎಂಬುದು ಅವನ ಇನ್ನೊಂದು ಬಡಾಯಿ. ಬೆಳಗ್ಗೆ ಕೋಟು ಕೊಡಲು ಹೋದರೆ ಮುನ್ಯಾವೊ ಅಡ್ಡ ಬಂದು ಕೈಯಿಂದ ಕಸಿದು, ಎದೆಯ ಮೇಲೆಲ್ಲ ಸವರಿ, ಹಿಚುಕಿ, ಆಮೇಲೆ ಬ್ವಾನನಿಗೆ ತೊಡಿಸುತ್ತಿದ್ದ. ಗರಿಗರಿ ಇಸ್ತ್ರಿಯನ್ನು ಬೇಕೆಂದೇ ಮುದುಡುತ್ತಾನೆ, ಹೊಟ್ಟೆಕಿಚ್ಚಿನ ಪ್ರಾಣಿ ಎಂದು ಕಿತೇಕ ಒಳಗೊಳಗೇ ಕುದಿಯುತ್ತಿದ್ದ.

ಆ ಸಲ ಬಂದ ಅತಿಥಿ ಅಮೆರಿಕದವನು. ಟೋಪಿಗೆ ಚಿರತೆ ಚರ್ಮದ ಪಟ್ಟಿ, ಮೈತುಂಬ ಹೊಸ ಖಾಕಿ. ಒಗೆಯಲು ಕೊಡಿ ಎಂದರೆ ಹೊಸ ಬಟ್ಟೆಯ ಮೋಹ, ಕೊಡಲೊಲ್ಲ. ಅವನು ಹೆಜ್ಜೆ ಇಟ್ಟಲ್ಲೆಲ್ಲ ಸದ್ದು, ಹಾಗಾಗಿ ಬಿಡಾರದಲ್ಲಿ ಅವನ ಹೆಸರು ಚರಚರ ಬ್ವಾನ ಎಂದಾಯಿತು. ಆ ಬೆಳಗ್ಗೆ ಕೋಣದ ಬೇಟೆಗೆಂದು ಹೊರಟ ಕಾರು ಹೊತ್ತೇರುವ ಮೊದಲೇ ಹಿಂತಿರುಗಿತು. ಒಳಗೆ ಇದ್ದವರು ಡ್ರೈವರ್ ರಶೀದಿ ಮತ್ತು ಮುಖ ಬಿಳಿಚಿದ ಚರಚರ ಬ್ವಾನ, ಇಬ್ಬರೇ. ಮುಳ್ಳು ಚುಚ್ಚಿ ಹಿಂದಿನ ಗಾಲಿ ಕೂತುಬಿಟ್ಟಿತ್ತು.

ನಡೆದದ್ದನ್ನು ರಶೀದಿ ಗಾಲಿ ಬಿಚ್ಚುತ್ತಲೇ ಹೇಳಿದ. ಬಟ್ಟೆಯ ಸದ್ದಿಗೆ ಕೋಣ ತಿರುಗಿತು, ಎದೆಗೆ ಬೀಳಬೇಕಾದ ಗುಂಡು ಹೊಟ್ಟೆಗೆ ಬಿತ್ತು, ಕೋಣ ಹೊಳೆಯಾಚೆಯ ಮುಳ್ಳುಪೊದೆ ಹೊಕ್ಕಿತು. ಅತಿಥಿಯನ್ನು ಬಿಡಾರಕ್ಕೆ ಕಳಿಸಿ, ಉದ್ದನೆ ಬ್ವಾನ ಮತ್ತು ಮುನ್ಯಾವೊ ರಕ್ತದ ಜಾಡು ಹಿಡಿದು ಹೋಗಿದ್ದಾರೆ. ಗಾಯಗೊಂಡ ಕೋಣ ಪೊದೆಯಲ್ಲಿ ಹೊಂಚಿ ಕೂರುತ್ತದೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೂ ಕಿತೇಕ ಹೆಚ್ಚು ಗಾಬರಿಯಾಗಲಿಲ್ಲ. ಇಬ್ಬರೂ ಪಳಗಿದವರು, ಇಂಥವನ್ನು ಎಷ್ಟೋ ಕಂಡವರು. ಅವನು ಮರದಡಿಗೆ ಹೋಗಿ ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಂಡ, ಬಟ್ಟೆಗೆ ಚಿಮುಕಿಸಲು ನೀರಿನ ಬಟ್ಟಲಿಗೆ ಎಡಗೈ ಚಾಚಿದ. ಬಟ್ಟಲು ಅಲ್ಲಿರಲಿಲ್ಲ, ಬಲಗಡೆ ಇತ್ತು.

ಬಟ್ಟಲು ಅಲ್ಲಿಗೆ ಹೇಗೆ ಹೋಯಿತು? ನಿನ್ನೆ ಸಂಜೆ ಗಾಳಿ ತಿರುಗಿ ಇದ್ದಿಲ ಹೊಗೆ ಮುಖಕ್ಕೆ ಹೊಡೆದಿತ್ತು. ಅವನು ಮೇಜನ್ನು ಸುತ್ತಿ ಆ ಕಡೆ ನಿಂತು ಇಸ್ತ್ರಿ ಮಾಡಿದ್ದ, ಬಟ್ಟಲನ್ನು ಅಲ್ಲಿಂದ ಎಡಗೈಗೆ ಸಿಗುವಂತೆ ಇಟ್ಟುಕೊಂಡಿದ್ದ. ತೋಟಾದ ಗಂಟುಗಳನ್ನು ಮಾತ್ರ ಮಧ್ಯಾಹ್ನವೇ ಈ ಕಡೆಯಿಂದ ಇಟ್ಟಿದ್ದ. ಎಂದರೆ ನಿನ್ನೆ ಸಂಜೆ ಅವನ ಎಡಗೈಗೆ ಸಿಕ್ಕ ಗಂಟು ಮೆದು ತೋಟಾದ್ದು. ಅವನ್ನೇ ಅವನು ಹರಟುತ್ತ, ನೋಡದೆ, ಕೋಟಿನ ಎಡ ಎದೆಗೆ ಇಳಿಸಿದ್ದ.

ಕಿತೇಕನ ಕಣ್ಣ ಮುಂದೆ ಬಂದದ್ದು ಕೋಣವಲ್ಲ, ಕಲೊಂಡು. ಅವಳ ಗಂಡನನ್ನು ಕೊಂದವನು ಅವಳು ದೇವರಂತೆ ನಂಬಿದ ಅಣ್ಣ! ಕಾರಿನ ಗಾಲಿ ನೆಲದ ಮೇಲೆ ಬಿದ್ದಿತ್ತು. ಕಿತೇಕ ರಶೀದಿಗೆ ಒಂದು ಮಾತೂ ಹೇಳದೆ ಕಾರಿನ ಜಾಡು ಹಿಡಿದು ಓಡತೊಡಗಿದ.

ಬಲಗೈ ಭಾರವಾಗಿದೆ ಎನ್ನುವುದು ಗೊತ್ತಾದದ್ದು ಬಿಡಾರ ಮರೆಯಾದ ಮೇಲೆ. ಇಸ್ತ್ರಿಪೆಟ್ಟಿಗೆ ಕೈಯಲ್ಲೇ ಇತ್ತು, ತುಂಬ ಕೆಂಡ. ಎಸೆಯೋಣವೆಂದರೆ ಸುತ್ತಲೂ ಸೊಂಟದೆತ್ತರ ಒಣಹುಲ್ಲು. ಒಂದು ಕೆಂಡ ಬಿದ್ದರೆ ಕಾಡಿಗೆ ಕಾಡೇ ಹತ್ತಿ ಉರಿದು, ಪೊದೆಯಲ್ಲಿರುವವರಿಗೆ ಕೋಣದ ಜೊತೆ ಬೆಂಕಿಯನ್ನೂ ಕಳಿಸಿದಂತಾಗುತ್ತದೆ. ಮಾಡಿದ ಒಂದು ಅನಾಹುತ ಸಾಲದೇ? ಪೆಟ್ಟಿಗೆಯ ಮುಚ್ಚಳ ಅದುಮಿ ಹಿಡಿದು, ಕೈಯಿಂದ ಕೈಗೆ ಬದಲಿಸುತ್ತ, ಬೆರಳು ಸುಟ್ಟುಕೊಳ್ಳುತ್ತ ಅವನು ಓಡಿದ. ಮುಲುಂಗು ದೇವರೇ, ಅವನು ನನ್ನನ್ನು ಹೆಂಗಸು ಅಂತ ಇನ್ನು ಸಾವಿರ ಸಲ ಅನ್ನಲಿ, ಬದುಕಿರಲಿ, ಎಂದು ದಾರಿಯುದ್ದಕ್ಕೂ ಬೇಡಿಕೊಂಡ.

ಹೊಳೆ ದಾಟಿದಾಗ ಗುಂಡಿನ ಸದ್ದು ಕೇಳಿತು. ಒಂದರ ಹಿಂದೆ ಒಂದು, ಎರಡು. ಕಿತೇಕ ನಿಂತ. ಅವು ಕಣ್ಣಿಂದ ನೋಡಿ ತುಂಬಿದವು. ಕೋಣ ಬಿದ್ದಿದ್ದರೆ ಇನ್ನು ಸದ್ದು ಬರಬಾರದು. ಆಮೇಲೆ ಮೂರನೆಯದು ಕೇಳಿತು, ಕೋಟಿನ ಎಡ ಎದೆಯಿಂದ ಎಳೆದು ತುಂಬಿದ್ದು. ಅದರ ಬೆನ್ನಿಗೇ ಪೊದೆ ಮುರಿದ ಸದ್ದು, ಅನಂತರ ಏನೂ ಇಲ್ಲ. ಹಕ್ಕಿಯೂ ಕೂಗಲಿಲ್ಲ. ಕಿತೇಕ ಎಲ್ಲ ಮುಗಿಯಿತು ಎಂದುಕೊಂಡ, ಕಣ್ಣಿಂದ ನೀರು ಸುರಿಯಿತು, ಒರೆಸಲು ಕೈ ಬಿಡುವಿರಲಿಲ್ಲ.

ಆಗ ಪೊದೆಯ ಒಳಗಿನಿಂದ ಯಾರೋ ಸೀನಿದರು.

ಅಂಥ ಸೀನು ಈ ಭೂಮಿಯ ಮೇಲೆ ಒಬ್ಬನಿಗೇ ಇರುವುದು. ಕಿತೇಕ ಮುಳ್ಳನ್ನೂ ಲೆಕ್ಕಿಸದೆ ನುಗ್ಗಿದ. ಪೊದೆಯ ನಡುವಿನ ಬಯಲಲ್ಲಿ ಕೋಣ ಮೂಗು ನೆಲಕ್ಕೂರಿ ಬಿದ್ದಿತ್ತು, ಕೊಂಬಿನ ಬುಡದಲ್ಲಿ ಒಂದು ತೂತು. ಉದ್ದನೆ ಬ್ವಾನ ಮರಕ್ಕೊರಗಿ ಪೈಪು ಹಚ್ಚುತ್ತಿದ್ದ. ಮುನ್ಯಾವೊ ಕೋಣದ ಪಕ್ಕ ಕೂತು ಮೂಗೊರೆಸಿಕೊಳ್ಳುತ್ತಿದ್ದವನು ತಲೆಯೆತ್ತಿ, ಕೆಂಡದ ಪೆಟ್ಟಿಗೆ ಹಿಡಿದು ಅಳುತ್ತ ನಿಂತ ಭಾವನನ್ನು ಮೇಲಿಂದ ಕೆಳಗೆ ನೋಡಿದ.

"ಏನ್ ಭಾವ, ಕೋಣಕ್ಕೆ ಇಸ್ತ್ರಿ ಮಾಡೋಕ್ ಬಂದ್ಯಾ?"

ಕಿತೇಕನಿಗೆ ಹೋದ ಜೀವ ಬಂದಂತಾಯಿತು. ನಗುವೋ ಅಳುವೋ ತಿಳಿಯದೆ ಪೆಟ್ಟಿಗೆಯನ್ನು ಬರಿ ನೆಲದ ಮೇಲಿಟ್ಟು ಅಲ್ಲೇ ಕೂತ. ಇದೇನು ಎಂದು ಬ್ವಾನ ಕೇಳಿದ್ದಕ್ಕೆ, ನಿಮ್ಮ ಕೋಟು ಮುದುಡಿತೇನೋ ಅಂತ ಬಂದಿದ್ದಾನೆ ಎಂದು ಮುನ್ಯಾವೊನೇ ಉತ್ತರ ಕೊಟ್ಟ. ಬ್ವಾನ ಮನಸಾರೆ ನಕ್ಕ. ಅವನು ಕಾರು ಬಂತೇನೋ ನೋಡಲು ಆಚೆ ಹೋದ ಮೇಲೆ ಕಿತೇಕ ಗಾಳಿ, ಹೊಗೆ, ಗಂಟು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ನಿನ್ನನ್ನು ಕೊಂದೇಬಿಟ್ಟಿದ್ದೆ ಎಂದು ಭಾವನ ಮೊಣಕಾಲು ಹಿಡಿದುಕೊಂಡ.

"ಗೊತ್ತು," ಎಂದ ಮುನ್ಯಾವೊ. "ಬೆಳಗ್ಗೆ ಮುಟ್ಟಿ ನೋಡಿದಾಗ್ಲೇ ಗೊತ್ತಾಯ್ತು. ಗೂಡಿನ ಕೆಳಗಿಂದ ಬೆರಳು ಹಾಕಿದ್ರೆ ಮೂತಿ ಸಿಗುತ್ತಲ್ಲ, ಮೆದು ತೋಟಾದ ತುದೀಲಿ ಸೀಸ ಮೆತ್ತಗಿರುತ್ತೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಹಾಕಿದೆ."

ಕಿತೇಕ ಬಾಯಿ ಬಿಟ್ಟುಕೊಂಡು ನೋಡಿದ. ಇಷ್ಟು ವರ್ಷ ಇಸ್ತ್ರಿ ಮುದುಡುತ್ತಾನೆಂದು ತಾನು ಶಪಿಸಿದ್ದು ಈ ತಡಕಾಟಕ್ಕೇ! ಎಷ್ಟು ಪುಣ್ಯ, ಇವತ್ತೇ ನೋಡಿದೆಯಲ್ಲ ಎಂದು ಅವನು ತೊದಲಿದ.

"ಇವತ್ತೊಂದಿನಾನಾ? ಗಾಳಿ ತಿರುಗಿದಾಗೆಲ್ಲ ನೀನು ಮೇಜಿನ ಆ ಕಡೆ ಹೋಗ್ತೀಯ ಭಾವ. ಪ್ರತಿ ಸಲಾನೂ ಹಿಂಗೇ ಮಾಡ್ತೀಯ. ನಾನು ಗಾಳಿ ನೋಡ್ಕೊಂಡು ಬದುಕೋನು, ನಂಗ್ ಗೊತ್ತಾಗಲ್ವಾ?"

ಕಣ್ಣು ಕಟ್ಟಿದರೂ ತಪ್ಪಲಾರೆ ಎಂಬ ಬಡಾಯಿ ಅಲ್ಲೇ ಮಣ್ಣುಪಾಲಾಯಿತು. ಬೇರೆ ದಿನವಾಗಿದ್ದರೆ ಕಿತೇಕ ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿರುತ್ತಿದ್ದ. ಇವತ್ತು ಆ ನಾಚಿಕೆಯೂ ತಣ್ಣೀರು ಕುಡಿದ ಹಾಗೆ ಹಿತವಾಗಿತ್ತು. ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ.

ಮುನ್ಯಾವೊ ಡಬ್ಬಿಯ ಮುಚ್ಚಳ ತಿರುವಿ ಬಿಗಿದ. "ನಿನ್ ತಂಗೀಗೆ ನಿನ್ ಮೇಲೆ ಎಷ್ಟು ಹೆಮ್ಮೆ ಅಂತ ನಿಂಗೂ ಗೊತ್ತು. ಹೇಳಿದ್ರೆ ಒಂದಲ್ಲ ಒಂದಿನ ಅವಳ ಕಿವಿಗೆ ಬೀಳ್ತಿತ್ತು. ಎರಡು ತೋಟಾ ಆ ಕಡೆ ಈ ಕಡೆ ಹಾಕೋದೇನ್ ದೊಡ್ಡ ಕೆಲಸ?"

ಇನ್ನು ಮುಂದೆ ನಾನೇ ಅವಳಿಗೆ ಹೇಳುತ್ತೇನೆ, ನಿನ್ನನ್ನು ಬೈಯುವುದಾದರೂ ನಿಲ್ಲಲಿ ಎಂದು ಕಿತೇಕ ಪಟ್ಟು ಹಿಡಿದ. ಹೇಳು, ನೋಡೋಣ ಎಂದು ಮುನ್ಯಾವೊ ನಕ್ಕುಬಿಟ್ಟ.

ಮಳೆ ಹಿಡಿದು ಬಿಡಾರ ಕಿತ್ತ ಮೇಲೆ ಇಬ್ಬರೂ ಬೆಟ್ಟಕ್ಕೆ ಮರಳಿದರು. ಕಲೊಂಡು ಜೋಳ ಅಲಸಂದೆ ಬೇಯಿಸಿ ಬಡಿಸಿದಳು. ಕಿತೇಕ ಊಟ ಮುಟ್ಟುವ ಮೊದಲೇ ಎಲ್ಲವನ್ನೂ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ. ನನ್ನಿಂದ ನೀನು ಗಂಡನನ್ನು ಕಳೆದುಕೊಳ್ಳುವುದರಲ್ಲಿದ್ದೆ ಎಂದ. ಅವಳು ಸೌಟು ಹಿಡಿದು ನಿಂತೇ ಕೇಳಿದಳು. ಅಣ್ಣನ ಮುಖ ನೋಡಿದಳು, ಗಂಡನ ಮುಖ ನೋಡಿದಳು, ನಿಟ್ಟುಸಿರು ಬಿಟ್ಟಳು.

"ಅಣ್ಣ, ಈ ಮನುಷ್ಯ ಏನೋ ಎಡವಟ್ಟು ಮಾಡ್ಕೊಂಡಿದಾನೆ, ನೀನು ನಿನ್ ತಲೆ ಮೇಲೆ ಹಾಕ್ಕೋತಿದೀಯ. ನಿನ್ನ ಒಳ್ಳೆತನ ನಂಗ್ ಗೊತ್ತಿಲ್ವಾ? ಉಣ್ಣು ಸುಮ್ನೆ."

ಇಲ್ಲ ಕಣೇ, ನಿಜವಾಗಿ ನಾನೇ, ಎಂದು ಕಿತೇಕ ಆಣೆ ಹಾಕಿದಷ್ಟೂ ಅವಳ ಕಣ್ಣಲ್ಲಿ ಅವನು ಇನ್ನಷ್ಟು ಎತ್ತರಕ್ಕೇರಿದ. ನೋಡಿ ಕಲಿ ಎಂದು ಗಂಡನಿಗೆ ಇನ್ನೂ ಒಂದು ಬೈಗುಳ ಬಿತ್ತು. ಮುನ್ಯಾವೊ ಡಬ್ಬಿ ತೆಗೆದ, ದೊಡ್ಡ ಚಿಟಿಕೆಯೊಂದನ್ನು ಏರಿಸಿದ, ಹುಲ್ಲಿನ ಮಾಡು ಅದುರುವಂತೆ ಸೀನಿದ. ಊಟದ ಮುಂದೆ ಇದೆಂಥ ಅಸಹ್ಯ ಎಂದು ಕಲೊಂಡು ಸೌಟೆತ್ತಿದಳು. ಕಿತೇಕ ಮಾತ್ರ, ಇನ್ನೊಂದು ಸಲ ಸೀನು ಭಾವ, ಎಂದ.